ದಯವಿಟ್ಟು ತಿದ್ದಿಕೊಳ್ಳುವುದು

2025ರ ಆರಂಭದಲ್ಲಿ ನನಗೊಂದು ಅಂಚೆ ಕಾರ್ಡು ಬಂತು. ಈ ಕಾಲದಲ್ಲಿ ಕಾರ್ಡು ಬಂದರೆ ಪೋಸ್ಟ್‌ಮ್ಯಾನೇ ನಿಂತು ನಮ್ಮ ಮುಖ ನೋಡುತ್ತಾನೆ. ಓದಿ ಮುಗಿಸಿಯೇ ಕೊಟ್ಟಿರುತ್ತಾನೆ, ಅದು ಬೇರೆ ಮಾತು. ಕಾರ್ಡಿನಲ್ಲಿ ಇಷ್ಟಿತ್ತು:

"ಆಶೀರ್ವಾದಗಳು. 1983ರಲ್ಲಿ ನಿಮ್ಮ ತರಗತಿಗೆ ಭಾರತದ ಕರಾವಳಿಯ ಉದ್ದ 7,516 ಕಿ.ಮೀ. ಎಂದು ಹೇಳಿದ್ದೆ. ಹೊಸ ಅಳತೆಯಲ್ಲಿ ಅದು 11,098 ಕಿ.ಮೀ. ಆಗಿದೆ. ದಯವಿಟ್ಟು ತಿದ್ದಿಕೊಳ್ಳುವುದು. ನಿಮ್ಮ ಬೆಂಚಿನಲ್ಲಿ ಕೂರುತ್ತಿದ್ದ ಉಳಿದ ಮೂವರಿಗೂ ತಿಳಿಸುವುದು. ಇಲ್ಲಿ ಎಲ್ಲ ಕ್ಷೇಮ."

ನನ್ನ ಹೆಂಡತಿ ಎರಡು ಸಲ ಓದಿದಳು. ಯಾವುದೋ ಸೈಟಿನ ತಗಾದೆ ಅಂದುಕೊಂಡಳಂತೆ. "ಇಷ್ಟೊಂದು ಜಾಸ್ತಿ ಬಂದಿದ್ಯಲ್ಲ, ಒತ್ತುವರಿ ಯಾರದು?" ಅಂದಳು.

ಬರೆದವರು ಅರಸೀಕೆರೆಯಲ್ಲಿ ನನಗೆ ಎಂಟನೇ ತರಗತಿಯಲ್ಲಿ ಭೂಗೋಳ ಹೇಳಿದ ಮೇಷ್ಟ್ರು. ವಯಸ್ಸು ಎಂಬತ್ತು ದಾಟಿದೆ. ಗಣಿತದ ಮೇಷ್ಟ್ರು ರಿಟೈರಾದ ಮೇಲೆ ದಾರಿಯಲ್ಲಿ ಸಿಕ್ಕವರನ್ನು ನಿಲ್ಲಿಸಿ ಸಮೀಕರಣ ಬಿಡಿಸು ಅನ್ನುವುದಿಲ್ಲ. ಸಂಸ್ಕೃತದವರು ಲಗ್ನಪತ್ರಿಕೆಯ ವಿಭಕ್ತಿ ತಿದ್ದಿ ಸಮಾಧಾನ ಪಡುತ್ತಾರೆ. ಭೂಗೋಳದವರ ಕಷ್ಟವೇ ಬೇರೆ. ಪಾಠದ ಸಾಮಗ್ರಿ ಕಾಲಕೆಳಗೆ ಬಿದ್ದಿರುತ್ತದೆ, ಮೋಡವಾಗಿ ತಲೆಯ ಮೇಲೆ ಹೋಗುತ್ತಿರುತ್ತದೆ, ಬಸ್ಸಿನಲ್ಲಿ ಪಕ್ಕದ ಸೀಟಿಗೇ ಬಂದು ಕೂರುತ್ತದೆ. ನೀವೂ ಇಂಥವರೊಬ್ಬರನ್ನು ಕಂಡಿರುತ್ತೀರಿ. ರೈಲಿನಲ್ಲಿ ಕಿಟಕಿ ಪಕ್ಕದ ಜಾಗ ಕೇಳಿ ಪಡೆದು, ಹೊರಗೆ ನೋಡುವುದು ಬಿಟ್ಟು ನಮ್ಮನ್ನೇ ನೋಡುತ್ತ "ಈಗ ಬಂತು ನೋಡಿ, ಎರೆಮಣ್ಣು ಶುರು" ಅನ್ನುವವರು. ರಾಯಚೂರು ದಾಟಿದ ಮೇಲೆ ಸೇತುವೆ ಬಂದಾಗ ಮುದುಕಿಯೊಬ್ಬಳು ಕಾಸು ಎಸೆದು ಕೃಷ್ಣೆಗೆ ಕೈಮುಗಿದರೆ, "ಇದು ತುಂಗಭದ್ರೆ ಕಣಮ್ಮ, ಕೃಷ್ಣೆ ಹಿಂದೆಯೇ ಹೋಯ್ತು" ಎಂದು ಆ ಪುಣ್ಯದ ವಿಳಾಸ ಬದಲಾಯಿಸುವವರು.

ನಾವು ಇವರಿಗಿಟ್ಟ ಹೆಸರು ಎಂಬತ್ತೆರಡೂವರೆ. ಮಿರ್ಜಾಪುರದ ಹತ್ತಿರ ಹಾದುಹೋಗುವ 82½ ಡಿಗ್ರಿ ಪೂರ್ವ ರೇಖಾಂಶದ ಲೆಕ್ಕದಲ್ಲೇ ದೇಶದ ಗಡಿಯಾರಗಳೆಲ್ಲ ನಡೆಯುತ್ತವೆ ಅನ್ನುವುದನ್ನು ದಿನಕ್ಕೊಮ್ಮೆಯಾದರೂ ಹೇಳದೆ ಅವರಿಗೆ ಊಟ ಸೇರುತ್ತಿರಲಿಲ್ಲ. ಊರಿನ ಹಿರಿಯರು ಅದನ್ನು ಬಿ.ಎಡ್.ನಲ್ಲಿ ತೆಗೆದ ಪರ್ಸೆಂಟು ಅಂದುಕೊಂಡು ಒಂದು ಕೈ ಹೆಚ್ಚೇ ಗೌರವ ಕೊಡುತ್ತಿದ್ದರು. ನಾವು ತಿದ್ದಲು ಹೋಗಲಿಲ್ಲ.

ಯಾರು ಸಿಕ್ಕರೂ ಅವರ ಮೊದಲ ಪ್ರಶ್ನೆ "ಯಾವೂರಾಯ್ತು?" ನಮ್ಮ ಕಡೆ ಈ ಪ್ರಶ್ನೆಗೆ ಬೇರೆ ಉದ್ದೇಶ. ಊರು ಕೇಳಿ, ಬೀದಿ ಕೇಳಿ, ಬೀದಿಯಿಂದ ಮೆಲ್ಲಗೆ ಜಾತಿಗೆ ಇಳಿಯುವುದು ವಾಡಿಕೆ. ಮೇಷ್ಟ್ರು ಊರಿನಿಂದ ನದಿಗೆ ಇಳಿಯುತ್ತಿದ್ದರು. ಒಂದು ಮದುವೆಯಲ್ಲಿ ಹೆಣ್ಣಿನ ಕಡೆಯವರು ಹರಿಹರ, ಗಂಡಿನ ಕಡೆಯವರು ರಾಣೇಬೆನ್ನೂರು. ಬೀಗರಿಬ್ಬರೂ ಅಕ್ಕಪಕ್ಕ ಕೂತು ಬಿಗುಮಾನದಲ್ಲಿ ಬಾಳೆಎಲೆ ನೋಡಿಕೊಳ್ಳುತ್ತಿದ್ದರು. ಮೇಷ್ಟ್ರು ಹೋದವರೇ, "ನೀವು ತುಂಗಭದ್ರೆಯ ಬಲದಂಡೆ, ಅವರು ಹೊಳೆ ದಾಟಿ ಆಚೆ. 1956ರ ನವೆಂಬರ್ 1ಕ್ಕಿಂತ ಮೊದಲು ಈ ಮದುವೆ ಆಗಿದ್ರೆ ಮೈಸೂರಿಂದ ಬೊಂಬಾಯಿ ರಾಜ್ಯಕ್ಕೆ ಹೆಣ್ಣು ಕೊಟ್ಟಂಗೆ ಆಗ್ತಿತ್ತು" ಅಂದರು. ಹೆಣ್ಣಿನ ತಂದೆ ಅಷ್ಟು ದೂರದ ಸಂಬಂಧ ಮಾಡಿಬಿಟ್ಟೆನಲ್ಲಾ ಎಂಬಂತೆ ಒಂದು ನಿಮಿಷ ಸುಮ್ಮನಾದರು. ಆಮೇಲೆ ಇಬ್ಬರೂ ಸೇರಿಕೊಂಡು ಹೊಳೆಯಲ್ಲಿ ಮರಳು ಯಾರು ಎತ್ತುತ್ತಿದ್ದಾರೆ ಎಂದು ಜಗಳಕ್ಕೆ ಬಿದ್ದರು. ಸಂಬಂಧ ಗಟ್ಟಿಯಾಯಿತು.

ನಮ್ಮ ಶಾಲೆಯಲ್ಲಿ ಗೋಡೆಗೆ ನೇತುಹಾಕುವ ಬಟ್ಟೆಯ ನಕಾಶೆ ಒಂದೇ ಇತ್ತು. ಅದರಲ್ಲಿ ಮಧ್ಯಪ್ರದೇಶದ ಪೂರ್ವಭಾಗವನ್ನು ಇಲಿ ತಿಂದಿತ್ತು. ಆ ತೂತಿನಿಂದ ಗೋಡೆಯ ಸುಣ್ಣ ಕಾಣುತ್ತಿತ್ತು. ಪರೀಕ್ಷೆಗೆ ಭಾರತದ ನಕ್ಷೆಯನ್ನು ಕೈಯಲ್ಲೇ ಬರೆಯಬೇಕು. ಅಂಗಡಿಯಲ್ಲಿ ಪ್ಲಾಸ್ಟಿಕ್ಕಿನ ಅಚ್ಚು ಸಿಗುತ್ತಿದ್ದರೂ ಮೇಷ್ಟ್ರು ಅದನ್ನು ಕಂಡರೆ ಕಿತ್ತುಕೊಂಡು ಬೀರುವಿಗೆ ಹಾಕುತ್ತಿದ್ದರು. ವರ್ಷದ ಕೊನೆಗೆ ಬೀರುವಿನಲ್ಲಿ ಹದಿನೈದಿಪ್ಪತ್ತು ಭಾರತಗಳು ಜಮೆಯಾಗಿರುತ್ತಿದ್ದವು. ನಾವು ಬರೆದ ನಕ್ಷೆಗಳನ್ನು ಅವರು ವೈದ್ಯರು ರೋಗಿಯನ್ನು ನೋಡುವಂತೆ ನೋಡುತ್ತಿದ್ದರು. "ಗುಜರಾತಿಗೆ ಪಾರ್ಶ್ವವಾಯು ಹೊಡೆದಿದೆ." "ಕೇರಳಕ್ಕೆ ರಕ್ತ ಇಲ್ಲ." ಸಿಲಿಗುರಿಯ ಹತ್ತಿರ ದೇಶದ ಕುತ್ತಿಗೆ ಇಪ್ಪತ್ತು ಚಿಲ್ಲರೆ ಕಿಲೋಮೀಟರಿಗೆ ಇಳಿಯುತ್ತದೆ. ನಮ್ಮ ಮೊಂಡು ಪೆನ್ಸಿಲಿಗೆ ಅಲ್ಲಿ ಎರಡು ಗೆರೆ ಹಿಡಿಸುವುದು ಸಾಧ್ಯವೇ ಇರಲಿಲ್ಲ, ಒಂದೇ ಗೆರೆ ಎಳೆದು ಮುಂದೆ ಹೋಗುತ್ತಿದ್ದೆವು. ಆಗ ಅವರ ದನಿ ಇಳಿಯುತ್ತಿತ್ತು. "ಲೋ, ಅಸ್ಸಾಮಿನೋರು ಊರಿಗೆ ಹೇಗೋ ಹೋಗ್ಬೇಕು?" ಬೈದಿದ್ದರೆ ತಡೆದುಕೊಳ್ಳಬಹುದಿತ್ತು. ರಾತ್ರಿ ಸ್ಟೇಷನ್ನಿನಲ್ಲಿ ಗಂಟುಮೂಟೆ ಹೊತ್ತು ನಿಂತ ಅಸ್ಸಾಮಿನವರು ನನ್ನ ಕನಸಿನಲ್ಲಿ ಬರುತ್ತಿದ್ದರು.

ಮಾನ್ಸೂನ್ ಪಾಠ ಮಾತ್ರ ಹೊರಗೆ, ಮೈದಾನದಲ್ಲಿ. ಸುಣ್ಣದ ಪುಡಿಯಲ್ಲಿ ಇಡೀ ದೇಶ ಬರೆದು ನಮ್ಮನ್ನು ಅದರ ಮೇಲೆ ನಿಲ್ಲಿಸುತ್ತಿದ್ದರು. ಹಿಂದಿನ ಬೆಂಚಿನ ದಡಿಯರು ಹಿಮಾಲಯ, ಬೆಂಚುಗಳ ಮೇಲೆ ಹತ್ತಿ ನಿಲ್ಲಬೇಕು. ಹನ್ನೆರಡು ಹುಡುಗರು ಹೆಗಲಿಗೆ ಹೆಗಲು ಕೊಟ್ಟು ಪಶ್ಚಿಮ ಘಟ್ಟ. ನಡುವೆ ಒಬ್ಬ ಕುಳ್ಳ, ಅವನು ಪಾಲಕ್ಕಾಡಿನ ಕಂಡಿ. ಓಟದಲ್ಲಿ ಮೊದಲು ಬರುವವನ ಕೈಗೆ ಎರಡು ಬಕೆಟ್ ನೀರು, ಅವನೇ ನೈರುತ್ಯ ಮಾನ್ಸೂನ್. ಮೇಷ್ಟ್ರು ಸೀಟಿ ಊದಿ "ಜೂನ್ ಒಂದು!" ಅಂದ ಕೂಡಲೇ ಅವನು ಅರಬ್ಬೀ ಸಮುದ್ರದಿಂದ, ಅಂದರೆ ಬಾವಿಕಟ್ಟೆಯಿಂದ, ಓಡಿಬಂದು ಘಟ್ಟಕ್ಕೆ ಬಡಿಯಬೇಕು. ನನ್ನನ್ನು ಘಟ್ಟದ ಹಿಂದೆ ಚಳ್ಳಕೆರೆ ಮಾಡಿ ಕೂರಿಸಿದ್ದರು. ಸೀಟಿ ಊದಿತು, ಮಾನ್ಸೂನ್ ಬಂತು, ಎರಡೂ ಬಕೆಟ್ ಘಟ್ಟದ ಎದೆಯ ಮೇಲೆ ಬಿತ್ತು. ಹನ್ನೆರಡೂ ಜನ ನೆಂದು ಕುಣಿದಾಡಿದರು. ನನ್ನ ಮೇಲೆ ಬಿದ್ದದ್ದು ಎಣಿಸಿ ನಾಲ್ಕು ಹನಿ.

"ಹೇಗಿದೆ?" ಅಂದರು ಮೇಷ್ಟ್ರು.

"ನನ್ಗೆ ಏನೂ ಬರ್ಲಿಲ್ಲ ಸಾ."

"ಅದೇ ಮಳೆ ನೆರಳಿನ ಪ್ರದೇಶ. ನೆನಪಿಟ್ಕೊ. ಆಗುಂಬೆಗೆ ಬೀಳೋದ್ರಲ್ಲಿ ಹತ್ತನೇ ಒಂದು ಪಾಲೂ ನಿನಗೆ ಬೀಳಲ್ಲ. ಯಾರ ತಪ್ಪೂ ಅಲ್ಲ, ಮುಂದೆ ಎತ್ತರದೋರು ನಿಂತಿದಾರೆ ಅಷ್ಟೆ."

ಆಮೇಲೆ ನಾನು ಎಷ್ಟೋ ಕಚೇರಿಗಳಲ್ಲಿ ಕೆಲಸ ಮಾಡಿದ್ದೇನೆ. ಬಡ್ತಿಯ ಪಟ್ಟಿ ಬಂದಾಗಲೆಲ್ಲ ಆ ನಾಲ್ಕು ಹನಿ ನೆನಪಾಗಿದೆ. ಆಗುಂಬೆಯಾಗಿ ನಿಂತಿದ್ದವನಿಗೆ ಮಾತ್ರ ಆ ರಾತ್ರಿ ಜ್ವರ ಬಂತು. ಬೆಳಿಗ್ಗೆ ಅವನ ತಾಯಿ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಶಾಲೆಗೇ ಬಂದಳು. "ಐವತ್ತು ಮಕ್ಳವ್ರೆ, ನಮ್ ಹುಡುಗ್ನ ಮೇಲೇ ಯಾಕೆ ನೀರು ಹುಯ್ಸುದ್ರಿ?" ಮೇಷ್ಟ್ರು ಎದ್ದು ನಿಂತು ಕೈಮುಗಿದು, "ಅವನು ಆಗುಂಬೆ, ತಾಯಿ" ಅಂದರು. ಆಕೆಗೆ ಏನರ್ಥವಾಯಿತೋ, ಮಗನಿಗೆ ಏನೋ ಪದವಿ ಸಿಕ್ಕಿದೆ ಅನ್ನುವ ಹಾಗೆ ತಣ್ಣಗಾಗಿ ಹೋದಳು. ಊರಿನಲ್ಲಿ ಅವನನ್ನು ಇವತ್ತಿಗೂ ಆಗುಂಬೆ ಅಂತಲೇ ಕರೆಯುತ್ತಾರೆ. ಕೊಬ್ಬರಿ ಮಂಡಿ ಇಟ್ಟಿದ್ದಾನೆ. ಮಳೆ ಅಂದರೆ ಆಗುವುದಿಲ್ಲ.

ಭೂಗೋಳ ಕಲಿಸುವವರಿಗೆ ಒಂದು ನಿಶ್ಚಿಂತೆ ಇರಬೇಕು ಅಂತ ನಾವೆಲ್ಲ ತಿಳಿದಿದ್ದೆವು. ರಾಜರು ಸಾಯುತ್ತಾರೆ, ಮಂತ್ರಿಗಳು ಬದಲಾಗುತ್ತಾರೆ, ಬೆಟ್ಟ ಇದ್ದಲ್ಲೇ ಇರುತ್ತದಲ್ಲ. ಮೇಷ್ಟ್ರ ಪಾಲಿಗೆ ಹಾಗಾಗಲಿಲ್ಲ. ನಮಗೆ ಅವರು 22 ರಾಜ್ಯ, 9 ಕೇಂದ್ರಾಡಳಿತ ಪ್ರದೇಶ, ಕರ್ನಾಟಕಕ್ಕೆ 19 ಜಿಲ್ಲೆ ಎಂದು ಬಾಯಿಪಾಠ ಮಾಡಿಸಿದ್ದರು. ನಾವು ಎಸ್ಸೆಸ್ಸೆಲ್ಸಿ ದಾಟಿ ಆಚೆ ಹೋದ ಕೂಡಲೇ ದೇಶ ಮಿಸುಕಾಡಲು ಶುರುಮಾಡಿತು. ಹೇಳಿಕೊಟ್ಟದ್ದು ನಮ್ಮ ತಲೆಯಲ್ಲಿ ತಪ್ಪಾಗಿ ಉಳಿದುಬಿಡುತ್ತದಲ್ಲ ಎಂಬ ಸಂಕಟಕ್ಕೆ ಅವರು ಹಾಜರಿ ಪುಸ್ತಕದಿಂದ ವಿಳಾಸ ತೆಗೆದು ಕಾರ್ಡು ಬರೆಯತೊಡಗಿದರು. ಬೇರೆ ವ್ಯಾಪಾರದಲ್ಲಿ ಮಾರಿದ ಮಾಲು ಕೆಟ್ಟರೆ ಅಂಗಡಿಯವನು ತಲೆ ಕೆಡಿಸಿಕೊಳ್ಳುವುದಿಲ್ಲ. ಇವರು ಐವತ್ತು ಪೈಸೆಯ ಕಾರ್ಡಿನಲ್ಲಿ ಮಾಲು ಬದಲಾಯಿಸಿ ಕೊಡುತ್ತಿದ್ದರು.

2000ದ ನವೆಂಬರಿನಲ್ಲಿ ಒಂದೇ ತಿಂಗಳಲ್ಲಿ ಮೂರು ರಾಜ್ಯ ಹುಟ್ಟಿದವು. ಕಾರ್ಡಿನ ಕೊನೆಗೆ ಒಂದು ಸಾಲು ಹೆಚ್ಚಿಗೆ ಇತ್ತು: "ನಮ್ಮ ಶಾಲೆಯ ನಕಾಶೆಯಲ್ಲಿ ಇಲಿ ತಿಂದಿದ್ದ ಭಾಗವೇ ಹೆಚ್ಚುಕಡಿಮೆ ಛತ್ತೀಸಗಡ." 2001ರಲ್ಲಿ: "ಫೆಬ್ರವರಿ 28ಕ್ಕೆ ಕೋಲಾರದ ಗಣಿ ಮುಚ್ಚಿದರು. ಚಿನ್ನ ಎಂದು ಬರೆದಿರುವಲ್ಲಿ ಕೋಲಾರ ಹೊಡೆದುಹಾಕಿ ಹಟ್ಟಿ ಉಳಿಸಿಕೊಳ್ಳುವುದು." ಕೆಜಿಎಫ್‌ನಲ್ಲಿ ಮಾವನ ಮನೆಯಿದ್ದ ನನ್ನ ಗೆಳೆಯ ಆ ಕಾರ್ಡನ್ನು ಬಹಳ ದಿನ ಜೇಬಿನಲ್ಲೇ ಇಟ್ಟುಕೊಂಡಿದ್ದ. ತೆಲಂಗಾಣವಾದಾಗ ನಮ್ಮ ನೆರೆಯ ರಾಜ್ಯಗಳು ಐದರಿಂದ ಆರಾದವು. ಅದೇ 2014ರ ರಾಜ್ಯೋತ್ಸವಕ್ಕೆ ಬೆಂಗಳೂರಿನಿಂದ ಹಿಡಿದು ಹನ್ನೆರಡು ಊರುಗಳ ಹೆಸರನ್ನು ಸರ್ಕಾರ ಇಂಗ್ಲಿಷಿನಲ್ಲೂ ಕನ್ನಡದ ಹಾಗೇ ಬರೆಯಬೇಕೆಂದಾಗ ಮೇಷ್ಟ್ರ ಅಕ್ಷರ ಕುಣಿಯುತ್ತಿತ್ತು: "ನಾವು ತಿದ್ದಿಕೊಳ್ಳುವುದು ಏನೂ ಇಲ್ಲ. ಅವರೇ ತಿದ್ದಿಕೊಂಡಿದ್ದಾರೆ." ಕೇಂದ್ರಾಡಳಿತ ಪ್ರದೇಶಗಳು 2019ರ ಅಕ್ಟೋಬರ್ ಕೊನೆಗೆ ಏಳರಿಂದ ಒಂಬತ್ತಾಗಿ, ಮೂರು ತಿಂಗಳು ತುಂಬುವ ಮೊದಲೇ ದಮನ್ನಿಗೂ ದಾದ್ರಾಕ್ಕೂ ಗಂಟುಹಾಕಿ ಎಂಟಾದಾಗ ಬಂದ ಕಾರ್ಡನ್ನು ಪೆನ್ಸಿಲಿನಲ್ಲಿ ಬರೆದಿದ್ದರು.

2004ರ ಡಿಸೆಂಬರಿನ ಕಾರ್ಡು ಮಾತ್ರ ಬೇರೆ ಥರ. ಸುನಾಮಿಯಲ್ಲಿ ಗ್ರೇಟ್ ನಿಕೋಬಾರಿನ ತುದಿ ಕುಸಿದು, ದೇಶದ ದಕ್ಷಿಣ ಕೊನೆ ಎಂದು ನಾವು ಗುರುತಿಸುತ್ತಿದ್ದ ಇಂದಿರಾ ಪಾಯಿಂಟಿನ ದೀಪಸ್ತಂಭ ನೀರಿನಲ್ಲಿ ನಿಂತಿತ್ತು. "6 ಡಿಗ್ರಿ 45 ನಿಮಿಷದಲ್ಲಿ ಈಗ ಸಮುದ್ರ ಇದೆ" ಎಂದಷ್ಟೇ ಬರೆದಿದ್ದರು. ತಿದ್ದಿಕೊಳ್ಳಿ ಅಂದಿರಲಿಲ್ಲ, ಇಲ್ಲಿ ಎಲ್ಲ ಕ್ಷೇಮ ಎಂದೂ ಇರಲಿಲ್ಲ.

ಮೇಷ್ಟ್ರು ಪುಸ್ತಕದ ಬದನೆಕಾಯಿ ಅಂದುಕೊಳ್ಳಬೇಡಿ, ಸಾಕಷ್ಟು ತಿರುಗಿದವರು. ಆದರೆ ಜನ ನೋಡುವುದನ್ನು ನೋಡಿದವರಲ್ಲ. ಅವರ ಮನೆಯವರು ಹೇಳಿದ ಕಾಶಿಯಾತ್ರೆಯ ಕಥೆಯನ್ನು ಹೇಳಿಬಿಡುತ್ತೇನೆ.

ಬೇಸಿಗೆ ರಜ. ಆಕೆಗೆ ವಿಶ್ವನಾಥನ ದರ್ಶನವಾಗಬೇಕು. ಮೇಷ್ಟ್ರು ತಕ್ಷಣ ಒಪ್ಪಿದಾಗಲೇ ಆಕೆಗೆ ಅನುಮಾನ ಬರಬೇಕಿತ್ತು. ಕಾಶಿಯ ಹಿಂದಿನ ದಿನ ಮಿರ್ಜಾಪುರದ ಪಕ್ಕದ ವಿಂಧ್ಯಾಚಲದಲ್ಲಿ ಇಳಿಸಿದರು. ಏಪ್ರಿಲ್ 15. ವಿಂಧ್ಯವಾಸಿನಿ ದೇವಸ್ಥಾನವೂ ಇರುವುದರಿಂದ ಆಕೆ ಸಂತೋಷವಾಗಿಯೇ ಇಳಿದರು. ದರ್ಶನ ಮುಗಿದ ಮೇಲೆ ಮೇಷ್ಟ್ರು ಹನ್ನೊಂದೂವರೆಯ ಬಿಸಿಲಿನಲ್ಲಿ ಗಂಗೆಯ ಮರಳಿಗೆ ಕರೆದುಕೊಂಡು ಹೋಗಿ, ಆಕೆ ಹಿಡಿದಿದ್ದ ಕೊಡೆಯನ್ನು ಇಸಿದುಕೊಂಡು, ಮಡಿಚಿ, ಮರಳಿನಲ್ಲಿ ನೆಟ್ಟಗೆ ನೆಟ್ಟರು. ಒಂದು ಕೈಯಲ್ಲಿ ಎಚ್‌ಎಂಟಿ ವಾಚು, ಇನ್ನೊಂದರಲ್ಲಿ ದಿಕ್ಸೂಚಿ. ನೆರಳು ಗೇಣುದ್ದಕ್ಕಿಂತ ತುಸು ಜಾಸ್ತಿಯಿತ್ತು.

"ಇವರು ನೆರಳು ನೋಡ್ತಾರೆ, ನಾನು ಸೆರಗು ತಲೆಗೆ ಹಾಕ್ಕೊಂಡು ಇವರನ್ನ ನೋಡ್ತೀನಿ" ಎಂದು ಆಕೆ ಹೇಳುತ್ತಾರೆ. "ಅಷ್ಟೊತ್ತಿಗೆ ಒಬ್ಬ ಪಂಡಾ ಬಂದ. ಮರಳಿನಲ್ಲಿ ಕೋಲು ನೆಟ್ಟಿದಾರೆ, ಗಂಡ ಹೆಂಡತಿ ಎದುರುಬದುರು ಕೂತಿದಾರೆ ಅಂದ್ರೆ ಏನೋ ಶಾಂತಿ ಮಾಡ್ತಿದಾರೆ ಅಂತ ಅವನ ಲೆಕ್ಕ. ಪಕ್ಕದಲ್ಲಿ ಕೂತು ಸಂಕಲ್ಪ ಶುರು ಮಾಡೇಬಿಟ್ಟ."

ಸಂಕಲ್ಪ ಅಂದರೆ ಗೊತ್ತಲ್ಲ, ಜಂಬೂದ್ವೀಪದಿಂದ ಹೊರಟು ಭರತಖಂಡಕ್ಕಿಳಿದು ನದಿಯ ಯಾವ ದಂಡೆ ಎಂಬಲ್ಲಿಗೆ ಬಂದು ನಿಲ್ಲುತ್ತದೆ. ದೇವರು ದಾರಿ ತಪ್ಪಬಾರದು ಎಂದು ಹಿರಿಯರು ಮಾಡಿಟ್ಟ ಪೂರ್ತಿ ವಿಳಾಸ. ಬೇರೆ ಯಾರಾದರೂ ಆಗಿದ್ದರೆ ಪಂಡಾನನ್ನು ಓಡಿಸುತ್ತಿದ್ದರು. ಮೇಷ್ಟ್ರ ಮುಖ ಅರಳಿತು. ಹಿಂದಿ ಪ್ರಚಾರ ಸಭೆಯ ಪರೀಕ್ಷೆ ಪಾಸು ಮಾಡಿದ ಹಿಂದಿಯಲ್ಲಿ, ದಂಡೆ ಹೇಳಿದರೆ ಸಾಲದು, ರೇಖಾಂಶವನ್ನೂ ಸೇರಿಸಬೇಕು ಎಂದು ಕೋರಿದರು. ಪಂಡಾ ಕಸುಬು ಬಲ್ಲವನು. ಒಂದು ಕ್ಷಣವೂ ತಡವರಿಸದೆ ಅದೇ ರಾಗದಲ್ಲಿ, ಸಂಸ್ಕೃತದ ನಡುವೆ, "ಬಯಾಸಿ ಡಿಗ್ರಿ ತೀಸ್ ಮಿನಿಟ್" ಎಂದು ಸೇರಿಸಿ ಮುಂದುವರಿದ. ಅಷ್ಟರಲ್ಲಿ ವಾಚಿನ ಎರಡೂ ಮುಳ್ಳು ಹನ್ನೆರಡರ ಮೇಲೆ ಕೂಡಿದವು. ಕೊಡೆಯ ನೆರಳು ಒಂದು ನೂಲೂ ಆಚೀಚೆಯಿಲ್ಲದೆ ಉತ್ತರಕ್ಕೆ, ಗಂಗೆಯ ಕಡೆಗೆ ಬಿತ್ತು. ವರ್ಷದಲ್ಲಿ ಸೂರ್ಯನಿಗೂ ಗಡಿಯಾರಕ್ಕೂ ಹೊಂದಿಕೆಯಾಗುವುದು ನಾಲ್ಕೇ ದಿನ, ಅದರಲ್ಲಿ ಏಪ್ರಿಲ್ 15 ಒಂದು. ಅದಕ್ಕೇ ಅವತ್ತಿನ ಟಿಕೆಟ್ಟು. ಮೇಷ್ಟ್ರ ಕಣ್ಣಲ್ಲಿ ನೀರು. ಪಂಡಾನಿಗೆ ಇಂಥ ಭಕ್ತಿ ಹೊಸದು, ಇಪ್ಪತ್ತೊಂದು ಕೇಳಬೇಕೆಂದಿದ್ದವನು ಹನ್ನೊಂದಕ್ಕೇ ತೃಪ್ತನಾದ.

"ಕಾಶಿಗೆ ಹೋದವರು ಒಂದು ಹಣ್ಣೋ ತರಕಾರಿನೋ ಬಿಟ್ಟು ಬರ್ತಾರೆ. ಇವರು ಆ ವಾಚು ಬಿಟ್ಟು ಬಂದಿದ್ರೆ ನಾನು ಸುಖವಾಗಿರ್ತಿದ್ದೆ" ಅನ್ನುತ್ತಾರೆ ಆಕೆ.

ಯಾಕೆಂದರೆ ಅಲ್ಲಿಂದ ಬಂದ ಮೇಲೆ ಮೇಷ್ಟ್ರಿಗೆ ಒಂದು ಹೊಸ ಸತ್ಯ ಹಿಡಿಯಿತು. ಅರಸೀಕೆರೆ ಇರುವುದು 76¼ ಡಿಗ್ರಿಯಲ್ಲಿ. ವ್ಯತ್ಯಾಸ ಆರೂಕಾಲು ಡಿಗ್ರಿ, ಡಿಗ್ರಿಗೆ ನಾಲ್ಕು ನಿಮಿಷ. ಅಂದರೆ ನಮ್ಮೂರಿನ ನಿಜವಾದ ಹೊತ್ತು ಗಡಿಯಾರಕ್ಕಿಂತ ಇಪ್ಪತ್ತೈದು ನಿಮಿಷ ಹಿಂದೆ. ಇದು ಅವರು ಎಷ್ಟೋ ವರ್ಷದಿಂದ ಹೇಳಿಕೊಡುತ್ತಿದ್ದ ಲೆಕ್ಕವೇ. ಆದರೆ ಅಲ್ಲಿ ನೆರಳು ಕಂಡ ಮೇಲೆ ಲೆಕ್ಕ ನಂಬಿಕೆಯಾಯಿತು. ಒಂದು ದಿನ ಶಾಲೆಗೆ ತಡವಾಗಿ ಬಂದರು. ಹೆಡ್‌ಮಾಸ್ಟರು ಹಾಜರಿ ಪುಸ್ತಕದಲ್ಲಿ ಕೆಂಪು ಶಾಯಿ ಸುತ್ತಿದರು. ಮೇಷ್ಟ್ರು ಅದರ ಕೆಳಗೆ "ಸ್ಥಳೀಯ ಕಾಲದ ಪ್ರಕಾರ ಸರಿಯಾದ ಹೊತ್ತಿಗೆ ಹಾಜರು" ಎಂದು ಬರೆದರು. ಅದರ ಕೆಳಗೆ ಹೆಡ್‌ಮಾಸ್ಟರು, "ಸಂಬಳ ಮಿರ್ಜಾಪುರದ ಕಾಲದ ಪ್ರಕಾರ" ಎಂದು ಬರೆದು ರುಜು ಹಾಕಿದರು. ಆ ಪುಟವನ್ನು ಇನ್ಸ್‌ಪೆಕ್ಷನ್ನಿಗೆ ಬಂದವರೆಲ್ಲ ಓದಿಕೊಂಡು ಹೋಗುತ್ತಿದ್ದರಂತೆ.

ಕರಾವಳಿಯ ಕಾರ್ಡು ಬಂದ ಮೇಲೆ ಹುಬ್ಬಳ್ಳಿಗೆ ಹೋಗುವ ಕೆಲಸ ಬಿತ್ತು. ಅರಸೀಕೆರೆಯಲ್ಲಿ ಗಾಡಿ ಬದಲಾಯಿಸಬೇಕು, ನಡುವೆ ಎರಡು ಗಂಟೆ ಬಿಡುವು. ಮೇಷ್ಟ್ರನ್ನು ನೋಡಿಕೊಂಡು ಬರೋಣವೆಂದು ಹೋದೆ. ಜಗಲಿಯ ಮೇಲೆ ಅಟ್ಲಾಸು, ಭೂತಗಾಜು. ಆಶೀರ್ವಾದ ಮುಗಿಯುವ ಮೊದಲೇ ನಾನು ತಪ್ಪು ಮಾಡಿದೆ.

"ಸಮುದ್ರ ಹೇಗೆ ಸಾರ್ ಮೂರೂವರೆ ಸಾವಿರ ಕಿಲೋಮೀಟರು ಬೆಳೀತು?"

"ಸಮುದ್ರ ಬೆಳೀಲಿಲ್ಲ ಕಣಯ್ಯ, ಅಳತೆಕೋಲು ಸಣ್ಣದಾಯ್ತು. ಲೇ, ಒಂದು ನಿಪ್ಪಟ್ಟು ತಾ. ದಾರ, ಬೆಂಕಿಪೊಟ್ಣನೂ ತಾ."

ನಿಪ್ಪಟ್ಟು ಬಂತು. ಅಂಚು ಬಿರಿದು ಹಲ್ಲುಹಲ್ಲಾಗಿದ್ದ, ಒಳ್ಳೆಯ ಗರಿಮುರಿ ನಿಪ್ಪಟ್ಟು. ತಿನ್ನಲು ಕೈಚಾಚಿದೆ, ತಟ್ಟೆಯನ್ನು ಆಚೆ ಸರಿಸಿದರು. ಬೆಂಕಿಕಡ್ಡಿಯನ್ನು ಅಂಚಿನ ಸುತ್ತ ಒಂದಾದ ಮೇಲೊಂದು ಇಟ್ಟು ಅಳೆದರು, ಆರು ಕಡ್ಡಿ. "ಇದು ಹಳೇ ಅಳತೆ. 45 ಲಕ್ಷಕ್ಕೆ ಒಂದರ ನಕಾಶೆ. ಕಡ್ಡಿ ಉದ್ದ, ಹಲ್ಲಿನ ಸಂದಿಗೆ ಇಳಿಯಲ್ಲ." ಆಮೇಲೆ ದಾರವನ್ನು ಉಗುರಿನಲ್ಲಿ ಒತ್ತುತ್ತ, ಒಂದೊಂದು ಹಲ್ಲಿನ ಒಳಗೂ ಇಳಿಸಿ ಹತ್ತಿಸಿ, ಉಸಿರು ಬಿಗಿಹಿಡಿದು ಒಂದು ಸುತ್ತು ಬಂದರು. ಎಂಬತ್ತೊಂದರ ಕೈ ನಡುಗುತ್ತದೆ. ಖಂಬಾತ್ ಕೊಲ್ಲಿಯ ಹತ್ತಿರ ದಾರ ಜಾರಿತು, ಮತ್ತೆ ಮೊದಲಿನಿಂದ. ಕೊನೆಗೆ ದಾರ ಬಿಡಿಸಿ ಕಡ್ಡಿಗೆ ಹಿಡಿದರೆ ಏಳೂವರೆ. "ಇದು ಹೊಸ ಅಳತೆ, ಎರಡೂವರೆ ಲಕ್ಷಕ್ಕೆ ಒಂದು. ಅದೇ ನಿಪ್ಪಟ್ಟು, ಉದ್ದ ಜಾಸ್ತಿ. ನಿಪ್ಪಟ್ಟು ಬೆಳೀತಾ? ಇಲ್ಲ." ಹಾಗೆಂದು, ದೇಶವನ್ನು ನಡುವೆ ಮುರಿದು, ಅರ್ಧ ನನಗೆ ಕೊಟ್ಟರು.

ಮಾತು ಅಲ್ಲಿಗೇ ನಿಲ್ಲಲಿಲ್ಲ. ಸರ್ವೆ ಮಾಡಲು ಹೊರಟ ಲ್ಯಾಂಬ್ಟನ್ ಸಾಹೇಬ 1802ರಲ್ಲಿ ಮದ್ರಾಸಿನಲ್ಲಿ ಸರಪಳಿ ಹಿಡಿದು, 1804ರಲ್ಲಿ ಬೆಂಗಳೂರಿನಲ್ಲಿ ಇನ್ನೊಂದು ಆಧಾರರೇಖೆ ಅಳೆದು, ಮಂಗಳೂರು ಮುಟ್ಟುವಷ್ಟರಲ್ಲಿ ಹಳೇ ನಕಾಶೆಯಲ್ಲಿ 400 ಮೈಲಿಯಿದ್ದ ದೇಶದ ಅಗಲ 360ಕ್ಕೆ ಇಳಿದದ್ದು ಬಂತು. "ಅವನು ನಲವತ್ತು ಮೈಲಿ ಕಳೆದ, ಇವರು ಇಷ್ಟು ಸೇರಿಸಿದ್ರು. ಒಟ್ಟು ಲೆಕ್ಕಕ್ಕೆ ನಮಗೆ ಲಾಭವೇ." ನಡುವೆ ಒಳಗಿನಿಂದ ಅಮ್ಮ, "ಬನ್ನಿ, ಕಾಫಿ ಒಳಗೇ ಕುಡೀರಿ" ಎಂದು ಎರಡು ಸಲ ಕರೆದರು. ಸಂಕೋಚಕ್ಕೆ "ಇರಲಿ ಅಮ್ಮ, ಇಲ್ಲೇ ಕೊಡಿ" ಅಂದೆ. ಗೋಡೆಯ ಗಡಿಯಾರದ ಮೇಲೆ ಒಂದು ಕಣ್ಣಿಟ್ಟೇ ಇದ್ದೆ. ಇನ್ನೂ ಇಪ್ಪತ್ತು ನಿಮಿಷವಿದೆ, ಸ್ಟೇಷನ್ ಹತ್ತು ನಿಮಿಷದ ದಾರಿ ಎಂದು ಎದ್ದೆ. ಅಷ್ಟರಲ್ಲಿ ದೂರದಲ್ಲಿ ಗಾಡಿ ಕೂಗಿದ್ದು ಕೇಳಿಸಿತು. ಹುಬ್ಬಳ್ಳಿ ಕಡೆಗೆ ಹೊರಡುವ ಕೂಗು.

ಜೇಬಿನಿಂದ ಮೊಬೈಲು ತೆಗೆದು ನೋಡಿದೆ. ಗೋಡೆಯನ್ನು ನೋಡಿದೆ. ಇಪ್ಪತ್ತೈದು ನಿಮಿಷ.

"ಊರಿನ ಗಡಿಯಾರ ಅಡುಗೆಮನೇಲಿದೆಯಪ್ಪ" ಎಂದರು ಅಮ್ಮ ಬಾಗಿಲಲ್ಲಿ ನಿಂತು. "ಬಂದವರನ್ನೆಲ್ಲ ಕಾಫಿ ನೆಪದಲ್ಲಿ ಒಳಗೆ ಕರೆದು ತೋರಿಸ್ತೀನಿ. ನೀವು ಬರಲಿಲ್ಲ."

ಮೇಷ್ಟ್ರಿಗೆ ಬೇಜಾರೇನೂ ಆದಂತೆ ಕಾಣಲಿಲ್ಲ. "1906ರಲ್ಲಿ ಈ ಟೈಮು ತಂದಾಗ ಬೊಂಬಾಯಿಯವರು ಒಪ್ಪಲೇ ಇಲ್ಲ. ಐವತ್ತು ವರ್ಷ ತಮ್ಮ ಗಡಿಯಾರ ಮೂವತ್ತೊಂಬತ್ತು ನಿಮಿಷ ಹಿಂದೆ ಇಟ್ಕೊಂಡಿದ್ರು. ಅವರಿಗೆ ಎಷ್ಟು ಗಾಡಿ ತಪ್ಪಿರಬೇಕು ಯೋಚನೆ ಮಾಡು. ಕೂತ್ಕೊ, ಮುಂದಿನ ಗಾಡಿ ರಾತ್ರಿಗಿದೆ. ಯಾವ ದಾರೀಲಿ ಹೋಗ್ತೀಯ, ಹರಿಹರದ ಮೇಲೆ ತಾನೆ?"

ರಾತ್ರಿ ಊಟ ಅಲ್ಲೇ ಆಯಿತು. ನಾಲ್ಕು ದಿನದ ಮೇಲೆ ಕಾರ್ಡು ಬಂತು. "ನೀವು ಬಂದಿದ್ದಾಗ ದಾರಕ್ಕೆ ಎಣ್ಣೆ ಹತ್ತಿ ಜಾರಿದ್ದರಿಂದ ಅಳತೆ ತಪ್ಪಿದೆ. ಅದೇ ಒಬ್ಬೆಯ ಇನ್ನೊಂದು ನಿಪ್ಪಟ್ಟನ್ನು ಒಣ ದಾರದಲ್ಲಿ ಅಳೆದು ನೋಡಿದೆ. ಏಳೂವರೆ ಅಲ್ಲ, ಏಳೂಕಾಲು. ದಯವಿಟ್ಟು ತಿದ್ದಿಕೊಳ್ಳುವುದು."

ರೈಲಿನ ವಿಷಯ ಒಂದಕ್ಷರವೂ ಇರಲಿಲ್ಲ.